ದಳವಾಯಿ ಮನೆಯ ಗಂಜಿ

ಅರಸನಂತೆ ಅರಸ! ಚಳ್ಳಕೆರೆಯ ಶರೀಫ್ ಸಾಬರ ಗ್ಯಾರೇಜಿನಲ್ಲಿ ಬೈಕಿನ ಚೈನು ಬಿಚ್ಚುತ್ತಾ ಕೂತವನನ್ನು ನೋಡಿ ಯಾರಾದರೂ ಅರಸ ಅಂದಾರೆಯೇ? ಉಗುರಿನ ಸಂದಿಯಲ್ಲೆಲ್ಲ ಗ್ರೀಸು, ಮೊಣಕಾಲಲ್ಲಿ ಹರಿದ ಪ್ಯಾಂಟು. ಆದರೂ ನನ್ನ ತಮ್ಮನ ಮಗ ಗಾದ್ರಪ್ಪ, ನವಿಲುಗುಡ್ಡದ ಪಾಳೇಗಾರರ ಕೊನೆಯ ಕುಡಿ. ಶರೀಫ್ ಸಾಬರು ತಮಾಷೆಗೆ "ರಾಜಾ ಸಾಬ್, ಆ ನಟ್ಟು ಬಿಚ್ಚೋ ಪಾನಾ ಕೊಡ್ರಿ" ಎನ್ನುತ್ತಿದ್ದರು. ಅವನು ನಗುತ್ತಿರಲಿಲ್ಲ. ಹಾಳಾದವಳು ನಾನು, ನಗುವುದನ್ನು ಕಲಿಸಲೇ ಇಲ್ಲ. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಕೂಸಿಗೆ ಜೋಗುಳದ ಬದಲು ಸೇಡಿನ ಕಥೆ ಹೇಳಿ ಮಲಗಿಸಿದವಳು ಈ ಕ್ಯಾತಮ್ಮ.

ಕಥೆ ಇಷ್ಟೇ. ನಮ್ಮ ಪೂರ್ವಜ ನಾಯಕನ ಮನೆಯಲ್ಲಿ ಇಪ್ಪತ್ತು ವರ್ಷ ಉಂಡ ದಳವಾಯಿ, ಒಂದು ಮಧ್ಯಾಹ್ನ ನಾಯಕ ಎಲೆಯ ಮುಂದೆ ಕೂತಿದ್ದಾಗ ಬೆನ್ನಿಗೆ ಈಟಿ ಹಾಕಿ ಗುಡ್ಡ ಕಸಿದುಕೊಂಡ. ಪ್ರಾಣ ಹೋಗುವಾಗ ನಾಯಕ ತನ್ನ ಕತ್ತಿಯ ಮೇಲೆ ಕೈಯಿಟ್ಟು ಎರಡು ಮಾತು ಆಡಿದ. ನನ್ನ ವಂಶದವನು ಇದನ್ನು ಎತ್ತಿದ ದಿನ ದಳವಾಯಿಯ ಮನೆ ಮುಗಿಯಲಿ. ಆದರೆ ತಾನು ಉಂಡ ಮನೆಯ ಮೇಲೆ ಯಾರೇ ಇದನ್ನು ಎತ್ತಲಿ, ನನ್ನವನೇ ಆಗಲಿ, ಇದು ಅವನನ್ನೇ ಕಡಿಯಲಿ. ಉಂಡವನ ಕೈಯಲ್ಲೇ ಸತ್ತವನಿಗೆ ಬೇರೇನು ತೋಚೀತು, ಪಾಪ.

ದಳವಾಯಿ ಆ ಎರಡನೆಯ ಮಾತನ್ನು ಚೆನ್ನಾಗಿ ಕೇಳಿಸಿಕೊಂಡ. ಮರುದಿನವೇ ಮನೆಯ ಮುಂದೆ ಒಲೆ ಹೂಡಿಸಿದ. ಅಂದಿನಿಂದ ಇಂದಿನವರೆಗೂ ಮೊಳಕಾಲ್ಮೂರಿನ ಆ ಮನೆಯ ಜಗಲಿಯಲ್ಲಿ ಮಧ್ಯಾಹ್ನ ಬಂದವರಿಗೆಲ್ಲ ಊಟ. ಮುದ್ದೆ, ಹುರುಳಿ ಸಾರು, ಹಬ್ಬಕ್ಕೆ ಹೋಳಿಗೆ. ಮಗ್ಗದ ಕೆಲಸದವರು, ಗಡಿಯಾಚೆಯಿಂದ ಬಂದ ತೆಲುಗರು, ದಾರಿಹೋಕರು, ಎಲ್ಲರೂ ಉಂಡು ಎಂಥಾ ಧರ್ಮವಂತರ ಮನೆ ಎಂದು ಕೈಮುಗಿಯುತ್ತಾರೆ. ಧರ್ಮವಂತರಂತೆ, ಮಣ್ಣು! ನಮ್ಮವನು ಯಾವ ವೇಷದಲ್ಲಿ ಬರುತ್ತಾನೋ ಎಂಬ ಹೆದರಿಕೆಗೆ ಊರಿಗೆಲ್ಲ ಉಣ್ಣಿಸುತ್ತಾರೆ ಅವರು. ನಮ್ಮವನು ಒಂದು ತುತ್ತು ತಿಂದರೂ ಸಾಕು, ಕತ್ತಿ ಅವರ ತಂಟೆಗೆ ಬರುವುದಿಲ್ಲ.

ಇದೇನು ಕಾಗಕ್ಕ ಗುಬ್ಬಕ್ಕನ ಕಥೆಯಲ್ಲ. ನಾನು ಏಳು ವರ್ಷದವಳಿದ್ದಾಗ ನಮ್ಮ ದೊಡ್ಡಪ್ಪ ಮಾರಣ್ಣ ಕತ್ತಿ ಹಿಡಿದು ಆ ಜಗಲಿ ಹತ್ತಿದ. ಚಿಕ್ಕಂದಿನಲ್ಲಿ ಆ ಮನೆಯ ಮದುವೆಯಲ್ಲಿ ಯಾರೋ ಕೊಟ್ಟ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡಿದ್ದನಂತೆ. ಅವನಿಗೆ ಅದು ಮರೆತೇ ಹೋಗಿತ್ತು, ಕತ್ತಿಗೆ ಮರೆತಿರಲಿಲ್ಲ. ಅವನ ಮುಷ್ಟಿಯಲ್ಲೇ ಹೊರಳಿ ಅವನ ಕೊರಳಿಗೇ ಬಂತು. ಅವ್ವನ ಸೆರಗು ಹಿಡಿದು ರಸ್ತೆಯಾಚೆ ನಿಂತಿದ್ದ ನಾನು ಕಣ್ಣಾರೆ ಕಂಡೆ. ಉಂಡದ್ದನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದರೆ ಕತ್ತಿ ಬಿಡುತ್ತಿತ್ತು ಎಂದು ಅವ್ವ ಆಮೇಲೆ ಅನ್ನುತ್ತಿದ್ದಳು. ಮುಟ್ಟಲು ಹೆದರಿ ಅವರು ಹೆಣವನ್ನೂ ಕತ್ತಿಯನ್ನೂ ನಮ್ಮ ಗಾಡಿಗೇ ಹಾಕಿಸಿ ಕಳಿಸಿದರು. ಕತ್ತಿ ದಾರಿಯುದ್ದಕ್ಕೂ ಬೆವರುತ್ತಲೇ ಇತ್ತು.

ಆದ್ದರಿಂದ ಗಾದ್ರಪ್ಪನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದೆ. ಶಾಲೆಯಲ್ಲಿ ಯಾರೋ ಮೊಳಕಾಲ್ಮೂರಿನ ನೆಂಟರು ತಂದ ಮೈಸೂರುಪಾಕು ಕೊಟ್ಟರೆಂದು ಬಾಸುಂಡೆ ಬರುವಂತೆ ಹೊಡೆದು ವಾಂತಿ ಮಾಡಿಸಿದ್ದೇನೆ. "ನನ್ನ ಕೂಸು ಆ ಮನೆ ಅಗುಳು ಮುಟ್ಟಿಲ್ಲ" ಎಂದು ತಮ್ಮ ಗಂಗರಾಜುವಿನ ಮುಂದೆ ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಸುಳ್ಳು. ಹೇಳುತ್ತಿದ್ದದ್ದು ಶುದ್ಧ ಸುಳ್ಳು.

ಗಾದ್ರಪ್ಪನಿಗೆ ಮೂರು ವರ್ಷ. ಗಂಗರಾಜು ಲಾರಿಯಲ್ಲಿ ಹೊರಗೆ ಹೋಗಿದ್ದ. ನಾನು ರೇಷ್ಮೆ ನೂಲು ಸುತ್ತುವ ಕೂಲಿಗೆ ಮೊಳಕಾಲ್ಮೂರಿನಲ್ಲಿದ್ದೆ, ಆ ಮನೆಯಿಂದ ನಾಲ್ಕು ಓಣಿ ಆಚೆ. ಮಗುವಿಗೆ ವಾಂತಿ ಭೇದಿ ಹಿಡಿಯಿತು. ಮೂರನೆಯ ದಿನ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಿದ್ದವಳಿಗೆ ನಡುದಾರಿಯಲ್ಲಿ ಕಣ್ಣು ಕತ್ತಲೆ ಬಂತು. ಎಲ್ಲಿ ಕುಸಿದು ಕೂತೆ ಎಂದು ನೋಡಿದರೆ ಅದೇ ಜಗಲಿ! ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಒಳಗಿಂದ ಆ ಮನೆಯ ಸೊಸೆ ವೀರಮ್ಮ ಓಡಿಬಂದಳು. ಕೈಯಲ್ಲಿ ಉಪ್ಪು ಹಾಕಿದ ತಿಳಿಗಂಜಿ. "ಅಯ್ಯೋ ಎಂಥಾ ತಾಯಿ ನೀನು, ಕುಡ್ಸು ಮೊದ್ಲು" ಎಂದು ಬೈದಳು. ನಾಯಕ, ಕತ್ತಿ, ಗುಡ್ಡ, ಎಲ್ಲವೂ ಆ ಹೊತ್ತಿಗೆ ಎಲ್ಲಿ ಹಾಳಾಗಿ ಹೋದವೋ. ನಾನೇ ಮೂರು ಬೆರಳಲ್ಲಿ ಗಂಜಿ ಅದ್ದಿ ಅದ್ದಿ ಅವನ ನಾಲಿಗೆಗೆ ಇಟ್ಟೆ. ಮಗು ಚಪ್ಪರಿಸಿತು. ಲೋಟ ಖಾಲಿಯಾಗುವ ಹೊತ್ತಿಗೆ ಕಣ್ಣು ಬಿಟ್ಟು ಅತ್ತಿತು. ವೀರಮ್ಮನಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ನಾನು ಆ ವಾರವೇ ಗಂಟುಮೂಟೆ ಕಟ್ಟಿಕೊಂಡು ಚಳ್ಳಕೆರೆಗೆ ಬಂದೆ, ಯಾರಿಗೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಆ ಮನೆಯ ಯಜಮಾನ ಹನುಮಂತರಾಯ ನವಿಲುಗುಡ್ಡದಲ್ಲಿ ಜಲ್ಲಿ ಕ್ರಷರ್ ಹಾಕಿಸಿದ. ನಾಯಕನ ವೀರಗಲ್ಲಿಗೇ ಸಿಡಿಮದ್ದು ಇಡುತ್ತಾರೆಂದು ತಿಳಿದು ಗಂಗರಾಜು ಹೋಗಿ ಆ ಕಲ್ಲನ್ನು ತಬ್ಬಿಕೊಂಡು ನಿಂತ. ಸೈರನ್ ಕೂಗಿದರೂ ಕದಲಲಿಲ್ಲ. ನಮ್ಮ ಕೈಗೆ ಸಿಕ್ಕಿದ್ದನ್ನು ಒಂದು ಪಂಚೆಯಲ್ಲಿ ಕಟ್ಟಿ ಮಣ್ಣು ಮಾಡಿದೆವು.

ವರ್ಷಾಬ್ದಿಕ ಮುಗಿದ ಮರುದಿನ ಗಾದ್ರಪ್ಪ ಅಟ್ಟದಿಂದ ಕತ್ತಿ ಇಳಿಸಿದ. ಇನ್ನೂರು ವರ್ಷದ ಕಬ್ಬಿಣಕ್ಕೆ ಒಂದು ಚುಕ್ಕೆ ತುಕ್ಕಿಲ್ಲ. ಹಸಿದ ಕೂಸಿನ ಹಾಗೆ ಸಣ್ಣಗೆ ಕುಯ್‌ಗುಟ್ಟುತ್ತಿತ್ತು. ಅವನ ಮುಖದಲ್ಲಿ ಮೊದಲ ಸಲ ಅರಸುತನ ಕಂಡೆ.

"ಬ್ಯಾಡ ಕಣೋ. ಪೊಲೀಸ್ರು ಹಿಡೀತಾರೆ, ಜೈಲಿಗೆ ಹಾಕ್ತಾರೆ" ಅಂದೆ.

"ಹಾಕ್ಲಿ ಬಿಡು ಅತ್ತೆ."

"ಮದ್ವಿ ಆಗು. ಒಂದು ಮಗ ಹುಟ್ಲಿ. ಆಮ್ಯಾಕೆ ಹೋಗೀಯಂತೆ."

"ಅವನಿಗೂ ಇದೇ ಕಥಿ ಹೇಳಿ ಬೆಳಸ್ತೀಯಾ?" ಅಂದ. ನಿಜ ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೊಂದು ವರ್ಷ ಎದೆ ತಟ್ಟಿಕೊಂಡವಳಿಗೆ ನಾಚಿಕೆ. ಸಾಯುವ ನಾಚಿಕೆ. ಅವನಿಗಿದ್ದದ್ದು ಅದೊಂದೇ, ಆ ಮುಟ್ಟದ ನಾಲಿಗೆ. ಅದನ್ನೂ ಕಿತ್ತುಕೊಂಡರೆ ಬರೀ ಪಾನಾ ಹಿಡಿದ ಹುಡುಗ ಉಳಿಯುತ್ತಾನೆ.

ಮಂಗಳವಾರ ಅಮಾವಾಸ್ಯೆ. ಕತ್ತಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ನಾನೂ ಬಿಡದೆ ಹತ್ತಿದೆ. ತಳಕಿನ ಹತ್ತಿರ ಹೇಳುತ್ತೇನೆ ಅಂದುಕೊಂಡೆ. ತಳಕು ಬಂತು, ಜನ ಇಳಿದರು, ಹತ್ತಿದರು, ಬಸ್ಸು ಹೊರಟಿತು. ಇವನು ಕಿಟಕಿಯಾಚೆ ನೋಡುತ್ತಿದ್ದ. ಥೂ, ನನ್ನ ಬಾಯಿಗೆ ಏನು ರೋಗ ಬಂದಿತ್ತೋ.

ಜಗಲಿಯಲ್ಲಿ ಪಂಕ್ತಿ ಕೂತಿತ್ತು. ಎಂಬತ್ತರ ಮುದುಕ ಹನುಮಂತರಾಯ ತಾನೇ ಸಾರು ಬಡಿಸುತ್ತಿದ್ದ. ಗಾದ್ರಪ್ಪ ಕಂಬಳಿ ಬಿಚ್ಚಿದ. ಮುದುಕ ಕತ್ತಿಯನ್ನು ನೋಡಿದ, ಸೌಟು ಕೈಯಿಂದ ಜಾರಿತು.

"ಒಂದ್ ತುತ್ತು ಉಣ್ಣಪ್ಪಾ" ಅಂದ. "ನಿನ್ನ ಕಾಲ್ ಹಿಡೀತೀನಿ. ಒಂದೇ ಒಂದು ತುತ್ತು."

"ನಿಮ್ಮನಿ ಅಗುಳು ಮುಟ್ಟಿದೋನಲ್ಲ ನಾನು. ಹುಟ್ಟಿದಾಗಿಂದ ಮುಟ್ಟಿಲ್ಲ."

ಮುದುಕ ನಂಬಿದ. ಅವನ ಅಜ್ಜ ಮುತ್ತಜ್ಜಂದಿರು ಹೆದರುತ್ತಾ ಬಂದ ದಿನ ಬಂತೆಂದು ಅಲ್ಲೇ ಕೂತು ಕೊರಳು ಬಗ್ಗಿಸಿದ. ಉಣ್ಣುತ್ತಿದ್ದವರು ಎಡಗೈಯಲ್ಲಿ ಮಕ್ಕಳನ್ನು ಎಳೆದುಕೊಂಡು ಗೋಡೆಗೆ ಸರಿದರು. ಗಾದ್ರಪ್ಪ ಕತ್ತಿ ಎತ್ತಿದ. ಅಲಗಿನ ತುಂಬ ಬೆವರು ಒಡೆಯಿತು. ಆ ಬೆವರು ನನಗೆ ಗೊತ್ತಿತ್ತು.

"ತಿಂದಿದ್ದೀಯ ಕಣೋ!" ಎಂದು ಕಿರುಚಿದೆ. "ಮೂರ್ ವರ್ಷದೋನಿದ್ದಾಗ ತಿಂದಿದ್ದೀಯ. ಇದೇ ಜಗಲಿ ಮ್ಯಾಲೆ. ನಾನೇ ತಿನ್ಸಿದ್ದು, ಗಂಜಿ, ನಾನೇ!"

"ಸುಳ್ಳು ಹೇಳಬ್ಯಾಡ ಅತ್ತೆ."

"ನಿಮ್ಮಪ್ಪನಾಣೆ. ಸಾಯ್ತಿದ್ದೆ ಕಣೋ ನೀನು!"

ಅವನ ಮಣಿಕಟ್ಟು ಆಗಲೇ ತಿರುಗುತ್ತಿತ್ತು. ಬಿಡಿಸಿಕೊಳ್ಳಲು ಹೆಣಗುತ್ತಿದ್ದ, ಕತ್ತಿ ಬಿಡುತ್ತಿರಲಿಲ್ಲ. ನಾನು ಓಡಿಹೋಗಿ ಅಲಗನ್ನೇ ಎರಡೂ ಕೈಯಲ್ಲಿ ಹಿಡಿದೆ. ಅಂಗೈ ಸೀಳಿತು, ಹಿಡಿದೇ ಇದ್ದೆ. "ತಿಂದೀನಿ ಅನ್ನು! ಒಪ್ಪಿಕೋ!"

"ತಿಂದೀನಿ" ಅಂದ ಅವನು, ಹನುಮಂತರಾಯನ ಮುಖ ನೋಡುತ್ತಾ.

ಕತ್ತಿ ಸತ್ತು ಕೆಳಗೆ ಬಿತ್ತು. ಅಷ್ಟು ಹೊತ್ತಿನ ಕುಯ್‌ಗುಟ್ಟುವಿಕೆ ನಿಂತುಹೋಯಿತು. ಹನುಮಂತರಾಯ ಮೊದಲು ಅತ್ತ, ಆಮೇಲೆ ನಕ್ಕ. "ಬಡಿಸ್ರೋ ನಮ್ಮ ಮಗೂಗೆ, ಎಲೆ ಹಾಕ್ರೋ" ಎಂದು ಕೂಗಿದ. ನನ್ನ ಗಾದ್ರಪ್ಪ ಹೋಗಿ ಪಂಕ್ತಿಯಲ್ಲಿ ಕೂತ. ತಲೆಯೆತ್ತದೆ, ಬಡಿಸಿದ್ದನ್ನೆಲ್ಲ ಉಂಡ. ಅಪ್ಪನನ್ನು ಕೊಂದ ಮನೆಯಲ್ಲಿ ಎರಡನೆಯ ಸಲ ಸಾರು ಹಾಕಿಸಿಕೊಂಡು ಉಂಡ. ಅದನ್ನು ನೋಡುವ ಬದಲು ನನ್ನ ಕಣ್ಣು ಹೋಗಬಾರದಿತ್ತೇ ಅನ್ನಿಸಿತು.

ಈಗ ಅವನು ಗ್ಯಾರೇಜಿನಲ್ಲೇ ಮಲಗುತ್ತಾನೆ. ಶರೀಫ್ ಸಾಬರು ರಾಜಾ ಸಾಬ್ ಎನ್ನುವುದನ್ನು ಬಿಟ್ಟಿದ್ದಾರೆ. ಒಂದೇ ಒಂದು ಸಲ ಮನೆಗೆ ಬಂದ, ಬಟ್ಟೆ ತೆಗೆದುಕೊಂಡು ಹೋಗಲು. ಹೊಸಿಲು ದಾಟಿದವನು ತಿರುಗಿ ನಿಂತ.

"ಅಪ್ಪಂಗೆ ಗೊತ್ತಿತ್ತಾ, ಗಂಜಿ ವಿಷ್ಯ?"

"ಇಲ್ಲಪ್ಪ. ಯಾರಿಗೂ ಹೇಳಿರ್ಲಿಲ್ಲ."

"ಆವತ್ತು ಗುಡ್ಡದಿಂದ ನಂಗೆ ಫೋನ್ ಮಾಡಿದ್ದ. ಸೈರನ್ ಕೂಗೋದು ಕೇಳಿಸ್ತಿತ್ತು. ಓಡಿ ಬಾರಪ್ಪಾ ಅಂತ ಅಳ್ತಾ ಕೂಗ್ದೆ ನಾನು." ಅವನು ಚೀಲದ ದಾರ ಕಟ್ಟುತ್ತಿದ್ದ, ಗಂಟು ಬೀಳುತ್ತಿರಲಿಲ್ಲ. "'ನಾ ಯಾಕ್ ಓಡ್ಲಿ ಮಗಾ, ನಾನು ಸತ್ರೆ ಕತ್ತಿ ಎತ್ತಾಕೆ ನೀನಿದ್ದೀಯಲ್ಲ' ಅಂದ."

ಅಷ್ಟು ಹೇಳಿ ಹೋದ. ನಾನು ಬಾಗಿಲಲ್ಲೇ ಕೂತೆ. ಗಂಜಿ ತಿನ್ನಿಸಿದ್ದಕ್ಕೆ ನಾನು ಯಾವ ದೇವರ ಮುಂದೆಯೂ ತಪ್ಪೊಪ್ಪಿಕೊಳ್ಳುವುದಿಲ್ಲ. ಆದರೆ ಅದನ್ನು ಗಂಗರಾಜುವಿಗೆ ಹೇಳಿದ್ದರೆ ಅವನು ಆ ದಿನ ಓಡಿಬರುತ್ತಿದ್ದ.