ಹಸು ಮಾವನ ಔಷಧ

ನನ್ನ ಹೆಂಡತಿಯ ಅಣ್ಣ ಯಾರನ್ನು ಕಂಡರೂ ಮೊದಲು ನೋಡುವುದು ಮುಖವನ್ನಲ್ಲ, ಕಿವಿಗಳನ್ನು. ಕರು ಹಾಕಿದ ಹಸುವಿನ ಕಿವಿ ತಣ್ಣಗಾಗಿ ಜೋತುಬಿದ್ದರೆ ಒಳಗೇನೋ ಕೆಟ್ಟಿದೆಯೆಂದು ತಿಳಿಯಬೇಕು ಎಂಬ ಪಾಠವನ್ನು ಪಶುವೈದ್ಯ ವಿದ್ಯಾರ್ಥಿಯಾಗಿದ್ದಾಗ ಕಲಿತವರು, ಆಮೇಲೆ ಮನುಷ್ಯರ ನಡುವೆಯೂ ಅದನ್ನು ಮರೆಯುವ ಗೋಜಿಗೆ ಹೋಗಲಿಲ್ಲ. "ಮೊದಲ ಸಲ ಸಿಕ್ಕಾಗ ನನ್ನ ಓಲೆ ಇಷ್ಟ ಆಯ್ತೇನೋ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಆರೋಗ್ಯ ನೋಡ್ತಿದ್ರು" ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಾರೆ. ನಮ್ಮ ಮನೆಯ ಮಕ್ಕಳ ಬಾಯಲ್ಲಿ ಅವರು ಹಸು ಮಾವ.

ನಡಿಗೆಯೂ ಹಾಗೆಯೇ. ನುಣುಪಾದ ನೆಲದ ಮೇಲೂ ಕೆಸರಿನಿಂದ ಕಾಲು ಕಿತ್ತಿಟ್ಟಂತೆ ಮಂಡಿ ಎತ್ತಿ ನಡೆಯುತ್ತಾರೆ. ಯಾರನ್ನಾದರೂ ಹಿಂದಿನಿಂದ ಸಮೀಪಿಸಬೇಕಾದರೆ ಮುಂಚಿತವಾಗಿ ಕೆಮ್ಮುತ್ತಾರೆ, ಒದೆ ತಿಂದ ಅನುಭವ ಅಂಥದು. ಹಸು ನೆಕ್ಕಿ ನೆಕ್ಕಿ ತೋಳು ಸವೆದ ಒಂದು ಬಿಳಿ ಕೋಟನ್ನು ಮನೋರೋಗ ಆಸ್ಪತ್ರೆಗೆ ಸಂಶೋಧಕರಾಗಿ ಸೇರಿದ ಮೇಲೂ ತೊಟ್ಟುಕೊಂಡೇ ಹೋಗುತ್ತಿದ್ದರು. ಅಲ್ಲಿನ ಮೇಲ್ವಿಚಾರಕರು ಹೊಸದೊಂದನ್ನು ಹೊಲಿಸಿ ಕೊಟ್ಟಾಗ, ಇವರು ಅದನ್ನು ಭಕ್ತಿಯಿಂದ ಗೋಡೆಗೆ ತೂಗುಹಾಕಿ ಹಳೆಯದನ್ನೇ ಮುಂದುವರಿಸಿದರು.

ಹೈನುಶಾಲೆಯ ಪಶುವೈದ್ಯರ ಕೆಲಸದಿಂದ ಮನೋರೋಗ ಆಸ್ಪತ್ರೆಗೆ ಹೋದದ್ದು ಊರಿನವರಿಗೆ ವಿಚಿತ್ರವಾಗಿ ಕಂಡಿತು. ಭಾವನಿಗೆ ಅದು ಪಕ್ಕದ ಕೋಣೆಗೆ ಹೋದಷ್ಟೇ ಸಹಜ. ಕರು ಹಾಕಿದ ಹೊಸತರಲ್ಲಿ ಹಸುವಿನ ರೋಗನಿರೋಧಕ ಶಕ್ತಿ ಏಕೆ ಕುಗ್ಗುತ್ತದೆ, ಕೆಚ್ಚಲು ಬಾವು ಕೆಲವಕ್ಕೇ ಏಕೆ ಬರುತ್ತದೆ ಎಂದು ಬಹುಕಾಲ ತಲೆ ಕೆಡಿಸಿಕೊಂಡವರಿಗೆ, ಬಾವೂ ಜ್ವರವೂ ಇಲ್ಲದೆ ಸುಮ್ಮನೆ ಮೇವು ಬಿಟ್ಟು, ಗುಂಪು ಬಿಟ್ಟು, ಮೂಲೆಗೆ ಮುಖ ಮಾಡಿ ನಿಲ್ಲುವ ಹಸುಗಳು ಕಣ್ಣಿಗೆ ಬಿದ್ದವು. ರಕ್ತ ಪರೀಕ್ಷಿಸಿದರೆ ಒಳಗೆಲ್ಲೋ ಸದ್ದಿಲ್ಲದ ಉರಿಯೂತ. ಅದನ್ನು ತಗ್ಗಿಸುವ ಔಷಧ ಕೊಟ್ಟರೆ ಹಸು ತಾನಾಗಿ ಮೇವಿನ ತೊಟ್ಟಿಗೆ ಮರಳಿತು. ಖಿನ್ನತೆಗೆ ಒಳಗಾದ ಮನುಷ್ಯರಲ್ಲೂ ಹೀಗಿರಬಹುದೇ ಎಂಬ ಪ್ರಶ್ನೆಯನ್ನು ಹಿಡಿದು ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ರಕ್ತದಲ್ಲಿ ಉರಿಯೂತ ಕಂಡ ರೋಗಿಗಳಲ್ಲಿ ಅನೇಕರಿಗೆ ಆ ಔಷಧ ನೆರವಾಯಿತು. ಪತ್ರಿಕೆಗಳು ಅವರನ್ನು ಹೊಗಳಿ ಅಟ್ಟಕ್ಕೇರಿಸಿದವು.

ಆ ಹೊತ್ತಿಗೇ ನಮ್ಮ ಮಗಳಿಗೆ ಹೆರಿಗೆಯಾಯಿತು. ಮಗು ಅತ್ತರೂ ಅವಳು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಊಟ ಬೇಡ, ಮಾತು ಬೇಡ. ಒಂದು ದಿನ "ನಾನಿಲ್ಲದೆ ಇದ್ರೂ ಇದು ಬೆಳೆಯುತ್ತೆ" ಎಂದಳು. ಹೆಂಡತಿ ಆ ಕ್ಷಣವೇ ಅಣ್ಣನನ್ನು ಕರೆಸಿದಳು: ಇವಳನ್ನು ನಿನ್ನ ಸಂಶೋಧನೆಗೆ ಸೇರಿಸಿಕೋ, ಆ ಔಷಧ ಕೊಡಿಸು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಭಾವ ಬಂದು ಬಾಗಿಲಲ್ಲೇ ನಿಂತರು.

"ರಕ್ತದಲ್ಲಿ ಉರಿಯೂತ ಇಲ್ಲ. ನನ್ನ ಔಷಧ ಇವಳಿಗಲ್ಲ."

"ಊರಿಗೆಲ್ಲ ಆಗುತ್ತೆ, ಸ್ವಂತ ತಂಗಿ ಮಗಳಿಗೆ ಆಗಲ್ವಾ ಅಣ್ಣ? ಕೊಟ್ಟು ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಕೊಟ್ರೆ ನನಗೆ ಸಮಾಧಾನ ಆಗುತ್ತೆ ಕಣೇ. ಅವಳಿಗೆ ದಿನ ವ್ಯರ್ಥ ಆಗುತ್ತೆ. ಅವಳ ಹತ್ರ ಅಷ್ಟು ದಿನ ಇಲ್ಲ."

ನನಗೂ ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅವರು ಅಲ್ಲಿಂದ ನೇರವಾಗಿ ಹೋದದ್ದು ಒಬ್ಬ ಹಿರಿಯ ಮನೋವೈದ್ಯೆಯ ಮನೆಗೆ. ಇವರ ಸಂಶೋಧನೆಯನ್ನು ತುಂಬಿದ ಸಭೆಯಲ್ಲಿ "ಕೊಟ್ಟಿಗೆ ವಿಜ್ಞಾನ" ಎಂದು ಹೀಯಾಳಿಸಿದಾಕೆ. ಸಂಜೆಯೊಳಗೆ ಆಕೆಯನ್ನು ಕರೆತಂದು, ಆಕೆ ಮಗಳ ಕೋಣೆಗೆ ಹೋದಾಗ ತಾವು ಅಡುಗೆಮನೆಯಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಿರುಗಿದರು. ಅದೇ ರಾತ್ರಿಯಿಂದ ಆಕೆ ಬರೆದುಕೊಟ್ಟ, ಬಹುಕಾಲದಿಂದ ಬಳಕೆಯಲ್ಲಿದ್ದ ಮಾತ್ರೆಗಳು ಶುರುವಾದವು. ನಿತ್ಯ ಆಕೆಯೊಂದಿಗೆ ಮಾತು, ಪಕ್ಕದಲ್ಲಿ ಸದಾ ನಮ್ಮಲ್ಲೊಬ್ಬರು. ಹೆಂಡತಿ ಅಣ್ಣನೊಡನೆ ಮಾತು ಬಿಟ್ಟಳು. ಭಾವ ಬಂದು ಹೋಗುವುದನ್ನು ಬಿಡಲಿಲ್ಲ.

ವಾರಗಳು ಉರುಳಿದವು. ಒಂದು ಬೆಳಿಗ್ಗೆ ಮಗಳು, "ನೀರು ಜಾಸ್ತಿ ಬಿಸಿ ಆಯ್ತಮ್ಮಾ, ಆಚೆ ಸರಿ, ನಾನೇ ಸ್ನಾನ ಮಾಡಿಸ್ತೀನಿ" ಎಂದು ಮಗುವನ್ನು ತಾಯಿಯ ಕೈಯಿಂದ ಎತ್ತಿಕೊಂಡಳು. ನನ್ನ ಹೆಂಡತಿ ಒದ್ದೆ ಕೈಯಲ್ಲೇ ಅಣ್ಣನಿಗೆ ಫೋನ್ ಮಾಡಿ ಗಳಗಳನೆ ಅತ್ತಳು.

"ನೀನು ಅವತ್ತು ಕೊಡದೇ ಇದ್ದದ್ದೇ ಒಳ್ಳೇದಾಯ್ತು ಅಣ್ಣ."

ಅತ್ತ ಕಡೆಯಿಂದ ಉತ್ತರ ಬಂತು: "ಹಾಗೆ ಹೇಳೋಕಾಗಲ್ಲ. ಕೊಟ್ಟಿದ್ರೆ ಏನಾಗ್ತಿತ್ತು ಅಂತ ನಾವು ನೋಡ್ಲಿಲ್ಲವಲ್ಲ."

"ಇವನಿಗೆ ಬುದ್ಧಿ ಬರೋದಿಲ್ಲ" ಎಂದು ಅವಳು ಫೋನ್ ಕುಕ್ಕಿ, ಅಳುತ್ತಲೇ ನಕ್ಕಳು.

ಇಂಥವರೊಡನೆ ಬಾಳುವುದು ಸುಲಭವಲ್ಲ. ಅಳುವವರ ಬೆನ್ನು ಸವರಲು ಇವರಿಗೆ ಬರುವುದಿಲ್ಲ. ಹೊಗಳಿದರೆ ಆಧಾರ ಕೇಳುತ್ತಾರೆ. ಧೈರ್ಯ ಹೇಳುವವರು ನಮಗೆ ಬೇಕಾದಷ್ಟು ಸಿಗುತ್ತಾರೆ. ಆಯುಷ್ಯ ಸವೆಸಿ ಕಂಡುಕೊಂಡದ್ದು ತನ್ನ ಮನೆಯ ಮಗಳಿಗೆ ಪ್ರಯೋಜನವಿಲ್ಲವೆಂದು ಬಾಯಿಬಿಟ್ಟು ಹೇಳಿ, ತನ್ನನ್ನು ಹೀಯಾಳಿಸಿದವರ ಬಾಗಿಲು ತಟ್ಟುವವರು ವಿರಳ. ಅಂಥವರು "ಇಲ್ಲ" ಎಂದಾಗ ನಾವು ಮುನಿಸಿಕೊಳ್ಳುತ್ತೇವೆ. ಆದರೆ ಯಾವತ್ತಾದರೂ "ಹೌದು" ಎಂದರೆ, ಮನೆಮಂದಿಯೆಲ್ಲ ಆ ಒಂದು ಮಾತಿನ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಮಲಗಬಹುದು.