ಮನೆಗಳ ಹೆಸರು ಬರೆದವನು

ಆಮೇಲಪ್ಪ ತೀರಿಕೊಂಡ. ಮಧ್ಯಾಹ್ನ ಕೆಲಸದಿಂದ ಬಂದು, ಕೈ ತೊಳೆದು, ಸ್ವಲ್ಪ ಅಡ್ಡಾಗುತ್ತೇನೆಂದು ಮಗಳಿಗೆ ಹೇಳಿ ಮಲಗಿದವನು ಚಹಾದ ಹೊತ್ತಿಗೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ವೈದ್ಯರು. ಸುದ್ದಿ ಇಷ್ಟೇ. ಇಷ್ಟಕ್ಕೇ ಬಿಡುವ ಆಸಾಮಿ ಅವನಾಗಿರಲಿಲ್ಲ, ಯಾರ ಸಾವಿನ ಸುದ್ದಿ ತಂದರೂ ತಂದವನ ಮುಖ ನೋಡಿ, "ಆಮೇಲೆ?" ಎಂದು ಕೇಳುತ್ತಿದ್ದ.

ಆ ಒಂದು ಮಾತೇ ಅವನ ಹೆಸರಾಗಿ ನಿಂತಿತ್ತು. ಹೆತ್ತವರಿಟ್ಟ ಹೆಸರು ಅವನ ಹೆಂಡತಿಗೂ ಮರೆತಿತ್ತೆಂದು ಊರು ನಗೆಯಾಡುತ್ತಿತ್ತು. ವೃತ್ತಿ ಬೋರ್ಡು ಬರೆಯುವುದು. ಏಣಿ ಹೊತ್ತು ಹೊತ್ತು ಎಡಭುಜ ಬಲಕ್ಕಿಂತ ಕೆಳಗಿಳಿದು, ದೂರದಿಂದ ನೋಡಿದರೆ ಯಾರಿಗೋ ಕಿವಿಗೊಟ್ಟು ನಡೆಯುತ್ತಿದ್ದಾನೆ ಅನ್ನಿಸುತ್ತಿತ್ತು. ಕಣ್ಣು ಮಾತ್ರ ಎಂದೂ ದಾರಿಯ ಮೇಲಿರಲಿಲ್ಲ. ಬಾಗಿಲುಗಳ ಮೇಲಿನ ತೊಲೆ, ಸೂರಿನ ಅಂಚು, ಮುಚ್ಚಿಹೋದ ಕಿಟಕಿಯ ಗುರುತು, ಇವನ್ನೇ ಓದಿಕೊಂಡು ಹೋಗುತ್ತಿದ್ದ. ಎದುರು ಬಂದವರಿಗೆ ಡಿಕ್ಕಿ ಹೊಡೆದರೆ ತಪ್ಪಾಯಿತು ಎನ್ನುವ ಬದಲು ನೀವು ಯಾವ ಮನೆಯವರು ಎಂದು ವಿಚಾರಿಸುತ್ತಿದ್ದ. ಅವನ ಕೋಟು ಹುಟ್ಟಿನಲ್ಲಿ ಯಾವ ಬಣ್ಣದ್ದೋ ದೇವರಿಗೇ ಗೊತ್ತು. ಊರಿನ ಅಷ್ಟೂ ಅಂಗಡಿಗಳ ಅಷ್ಟೂ ಬಣ್ಣ ಅದರ ತೋಳಿನ ಮೇಲೆ ಒರೆಸಿಕೊಂಡಿದ್ದವು.

ನಮ್ಮೂರಿನ ಹಳೆಯ ಮನೆಗಳಿಗೆ ಸಂಖ್ಯೆಯಿಲ್ಲ, ಹೆಸರಿದೆ. ಆನೆ ಮಲಗಿದ ಮನೆ, ಮೂಗಿ ಹಾಡಿದ ಮನೆ, ಕಳ್ಳ ಕಾದ ಮನೆ. ಪ್ರತಿಯೊಂದರ ಹಿಂದೆಯೂ ಒಂದು ಕಥೆ. ಕಳ್ಳ ಕಾದ ಮನೆಗೆ ಹಿಂದೆಂದೋ ಕನ್ನ ಹಾಕಿ ನುಗ್ಗಿದವನಿಗೆ ಒಳಗೆ ಸಿಕ್ಕಿದ್ದು ಜ್ವರದಲ್ಲಿ ಸುಡುತ್ತಿದ್ದ ಒಂಟಿ ಕೂಸಂತೆ. ಹೆತ್ತವರು ಬರುವವರೆಗೂ ಅದರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದನಂತೆ. ಅಲ್ಲಿಂದ ಮುಂದೆ ಏನಾಯಿತೆಂದು ಆ ಮನೆಯ ಈಗಿನ ಅಣ್ಣತಮ್ಮಂದಿರಲ್ಲೇ ಜಗಳ. ಕಳ್ಳನನ್ನು ಹಿಡಿದುಕೊಟ್ಟರು ಎಂದು ಅಣ್ಣ, ಉಣ್ಣಿಸಿ ಕಳಿಸಿದರು ಎಂದು ತಮ್ಮ. ಆಮೇಲಪ್ಪ ಇಬ್ಬರ ನಡುವೆ ಕೂತು ಹಾಲು ಕುಡಿದ ಬೆಕ್ಕಿನ ಹಾಗೆ ಕಣ್ಣರೆ ಮುಚ್ಚಿ ಕೇಳುತ್ತಿದ್ದ. ಇಬ್ಬರು ಒಂದೇ ಕಥೆ ಹೇಳಿದರೆ ಅದು ಬಾಯಿಪಾಠ, ಬೇರೆ ಬೇರೆ ಹೇಳಿದರೆ ಮಾತ್ರ ನಡುವೆ ಎಲ್ಲೋ ಏನೋ ನಡೆದಿದೆ ಎಂಬುದು ಅವನ ನಂಬಿಕೆ. ಕೇಳಿದ್ದನ್ನು ಎಲ್ಲೂ ಬರೆದಿಡುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾನು ಬರೆದಿಡು ಎಂದು ಎಷ್ಟು ಕಾಡಿದರೂ, ಕಟ್ಟಿಹಾಕಿದ ಎಮ್ಮೆ ಮೇಯುವುದಿಲ್ಲ ಎಂದು ನಕ್ಕುಬಿಡುತ್ತಿದ್ದ.

ವರ್ಷದ ಹಿಂದೆ, ಆಂಬುಲೆನ್ಸಿನವರು ದಾರಿ ತಪ್ಪಿ ಊರೆಲ್ಲ ಸುತ್ತಿದ ಮೇಲೆ, ಹಳೆಯ ಮನೆಗಳ ಬಾಗಿಲ ಮೇಲೆ ಅವುಗಳ ಹೆಸರು ಬರೆಸಬೇಕೆಂದು ಊರಿನ ಸಭೆ ತೀರ್ಮಾನಿಸಿತು. ಕೆಲಸ ಆಮೇಲಪ್ಪನಿಗೆ ಬಂತು. ಬೇರೆಯವನಾಗಿದ್ದರೆ ಒಂದು ವಾರದಲ್ಲಿ ಮುಗಿಸುತ್ತಿದ್ದ. ಇವನಿಗೋ ಹಠ: ಒಳಗೆ ಕೂತು ಕಥೆ ಕೇಳದೆ ಹೊರಗೆ ಅಕ್ಷರ ಬರೆಯುವುದಿಲ್ಲ. ಹಾಗೆ ಕೇಳುತ್ತಾ ಹೋದಂತೆ ಅವನಿಗೊಂದು ಸಂಶಯ ಬಲಿಯಿತು. ಕಥೆಯಿಂದ ಹೆಸರು ಹುಟ್ಟಿತೆಂದು ಎಲ್ಲರೂ ತಿಳಿದಿದ್ದಾರೆ. ಆದರೆ ಆನೆ ಮಲಗಿದ ಮನೆಯ ಮಾಡು ನಡುವೆ ಉಬ್ಬಿ ಎರಡು ಕಡೆ ಜಗ್ಗಿದೆ, ಮೂಗಿ ಹಾಡಿದ ಮನೆಯ ಹೊಗೆಗೂಡಿನಲ್ಲಿ ಗಾಳಿ ನುಗ್ಗಿದರೆ ಹೆಣ್ಣುದನಿಯ ರಾಗ ಬರುತ್ತದೆ. ಮನೆಯ ಮೈಯಲ್ಲಿ ಏನೋ ಒಂದು ಇರುತ್ತದೆ, ಜನ ಅದಕ್ಕೆ ಹೆಸರಿಡುತ್ತಾರೆ, ಹೆಸರಿಗೆ ನಾಚಿಕೆಯಾಗದ ಹಾಗೆ ಕಥೆ ತೊಡಿಸುತ್ತಾರೆ ಎನ್ನುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಅವನ ಅಂಗಡಿಗೆ ಸೊಸೆ ನುಂಗಿದ ಮನೆಯ ಯಜಮಾನಿ ಬಂದಳು. ಗಂಡ ಸತ್ತ ಮೇಲೆ ಬಟ್ಟೆ ಹೊಲಿದು ಮಗನನ್ನು ಬೆಳೆಸಿದವಳು. ಮಗ ಬೇಕರಿಯಲ್ಲಿ ಕೆಲಸಕ್ಕಿದ್ದಾನೆ. ಅವನೂ ಆಸ್ಪತ್ರೆಯ ನರ್ಸ್ ಒಬ್ಬಳೂ ಪರಸ್ಪರ ಒಪ್ಪಿದ್ದರು. ಒಪ್ಪದವನು ಹುಡುಗಿಯ ಅಪ್ಪ. ಆ ಹೆಸರಿನ ಮನೆಗೆ ಮಗಳನ್ನು ಕೊಡುವುದೂ ಒಂದೇ, ಬಾವಿಗೆ ನೂಕುವುದೂ ಒಂದೇ ಎಂದಿದ್ದ. ಈಗ ಅದೇ ಹೆಸರನ್ನು ಬಾಗಿಲ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆದರೆ ಸಂಬಂಧ ಮುರಿದ ಹಾಗೇ.

"ಅಣ್ಣಾ, ಬೇರೆ ಏನಾದ್ರೂ ಬರೀರಿ. ಶಾಂತಿ ನಿಲಯ ಅಂತ ಬರೀರಿ," ಎಂದಳು.

"ಬರೀತೀನಕ್ಕಾ, ನನಗೇನು. ಆದ್ರೆ ನಾಳೆಯಿಂದ ಜನ ಸೊಸೆ ನುಂಗಿದ ಶಾಂತಿ ನಿಲಯ ಎಲ್ಲಿ ಅಂತ ಕೇಳ್ತಾರೆ."

ಅವಳಿಗೆ ಅಳುವಿನ ನಡುವೆ ನಗು ಬಂತು. ತನ್ನನ್ನು ದೂರದ ಊರಿಂದ ಸೊಸೆಯಾಗಿ ತಂದದ್ದೇ ಅಲ್ಲಿಗೆ ಈ ಹೆಸರು ಮುಟ್ಟಿರಲಿಲ್ಲವೆಂಬ ಕಾರಣಕ್ಕೆ ಎಂದಳು. "ಬಂದ್ಮೇಲೆ ಗೊತ್ತಾಯ್ತು, ಇದು ನನ್ನ ನುಂಗೋ ಮನೆ ಅಂತ. ಈಗ ನಾನೇ ಇದನ್ನ ನುಂಗ್ಕೊಂಡು ಕೂತಿದೀನಿ."

ಆಮೇಲಪ್ಪ ಕುಂಚ ಅದ್ದಿಟ್ಟು ಅವಳ ಹಿಂದೆಯೇ ನಡೆದ. ನಾನೂ ಜೊತೆಗಿದ್ದೆ. ಆ ಮನೆಯಲ್ಲಿ ಕಥೆ ಬಲ್ಲವಳೆಂದರೆ ಅವಳ ಗಂಡನ ಸೋದರತ್ತೆ, ಹಾಸಿಗೆ ಹಿಡಿದಿದ್ದರೂ ನಾಲಿಗೆ ಮಾತ್ರ ಓಡಾಡುತ್ತಿದ್ದ ಮುದುಕಿ. ಮುತ್ತಜ್ಜನ ಕಾಲದಲ್ಲಿ ಒಬ್ಬ ಸೊಸೆ ಒಲೆಯ ಮೇಲೆ ಹಾಲಿಟ್ಟು, ಸೌದೆ ತರಲು ಹಿಂದಿನ ಕೋಣೆಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಕೋಣೆ ಖಾಲಿ, ಗೋಡೆ ಒದ್ದೆ. ಮುದುಕಿ ಹೇಳಿದ್ದು ಇಷ್ಟು. ಯಜಮಾನಿ ಕೇಳಿದ್ದ ಕಥೆಯಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಮುದುಕಿ ಒಪ್ಪಲಿಲ್ಲ. "ಉಕ್ಕಲಿಲ್ಲ ಕಣೇ. ಹಾಲು ಇಳಿಸಿಟ್ಟೇ ಹೋಗಿದ್ಲು. ನಮ್ಮಜ್ಜಿ ಅದನ್ನೇ ಹೇಳಿ ಹೇಳಿ ಬೈತಿದ್ಲು."

ಆಮೇಲಪ್ಪ ಈ ಸಲ "ಆಮೇಲೆ?" ಎನ್ನಲಿಲ್ಲ. ಎದ್ದು ಆ ಕೋಣೆಗೆ ಹೋದ. ಕಿಟಕಿಯಿಲ್ಲದ, ಒಂದೇ ಬಾಗಿಲಿನ ಕೋಣೆ. ಅಲ್ಲಿಗೆ ಸೌದೆ ತುಂಬುವುದು ಯಾವ ದಾರಿಯಿಂದ ಎಂದು ಕೇಳಿದ. ಮುಂಬಾಗಿಲಿನಿಂದ, ನಡುಮನೆ ದಾಟಿ, ಅಡುಗೆಮನೆ ದಾಟಿ ಎಂದಳು ಯಜಮಾನಿ. ಹೇಳುತ್ತಿರುವಾಗಲೇ ಅವಳಿಗೂ ವಿಚಿತ್ರವೆನಿಸಿತು. ಮಣ್ಣು ಉದುರುವ ಸೌದೆಯನ್ನು ಇಡೀ ಮನೆಯೊಳಗಿಂದ ಹೊತ್ತು ತರುವ ಹಾಗೆ ಯಾರು ಮನೆ ಕಟ್ಟುತ್ತಾರೆ? ಅವನು ಕೋಟಿನ ಜೇಬಿಂದ ಬಣ್ಣ ಕೆರೆಯುವ ಚಾಕು ತೆಗೆದು ಹಿಂಗೋಡೆಯ ಸುಣ್ಣ ಕೆರೆದ. ತಲೆಯ ಎತ್ತರದಲ್ಲಿ ಗಾರೆಯೊಳಗೆ ಅಡ್ಡವಾಗಿ ಮಲಗಿದ್ದ ಮರದ ತೊಲೆ ಕಂಡಿತು, ಬಾಗಿಲ ಮೇಲೆ ಇರುವಂಥದ್ದು.

ಎಲ್ಲರ ಮನಸ್ಸಿನಲ್ಲೂ ಒಂದೇ ಭಯ, ಬಾಯಿಬಿಟ್ಟವನು ಅಷ್ಟರಲ್ಲಿ ಬೇಕರಿಯಿಂದ ಬಂದಿದ್ದ ಮಗ. ಒಳಗೆ ಆ ಸೊಸೆಯ ಮೂಳೆ ಸಿಕ್ಕರೆ ಮದುವೆಯ ಮಾತು ಇಲ್ಲಿಗೇ ಮುಗಿಯಿತು, ಹಾಗೇ ಮುಚ್ಚಿಬಿಡೋಣ ಎಂದ. ಆಮೇಲಪ್ಪ ಚಾಕು ಮಡಚಿದ. ಅವನ ಕುತೂಹಲ ಎಷ್ಟೆಂಬುದು ನನಗೆ ಗೊತ್ತಿತ್ತು. ಆ ಕೈ ತಡೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಯಜಮಾನಿ ಗೋಡೆಗೆ ಅಂಗೈಯಿಟ್ಟು ನಿಂತಿದ್ದಳು.

"ಒಡೀರಿ," ಎಂದಳು. "ಮೂಳೆ ಇದ್ರೆ ಅವಳ ಹತ್ರ ತಪ್ಪಾಯ್ತು ಅಂತೀನಿ. ಇಲ್ದಿದ್ರೆ ಇಷ್ಟು ವರ್ಷ ನನ್ನ ಹೆದರಿಸಿದ್ದು ಯಾಕೆ ಅಂತ ಈ ಮನೆಯವರನ್ನ ಕೇಳ್ತೀನಿ."

ಗಾರೆಯವನು ಬಂದು ಇಟ್ಟಿಗೆ ಕಿತ್ತ. ಮೂಳೆ ಸಿಗಲಿಲ್ಲ. ಬೆಳಕು ಬಂತು. ಹಿಂದಿನ ಓಣಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಗೋಡೆಯಲ್ಲಿ ಮೂಡಿದ ನಮ್ಮ ಮುಖಗಳನ್ನು ನೋಡಿ ಕೈಯಲ್ಲಿದ್ದ ಹಾಸುಬಟ್ಟೆ ಕೆಳಗೆ ಬಿಟ್ಟಳು. ಸವೆದ ಹೊಸ್ತಿಲು, ಅದರಾಚೆ ಮಣ್ಣಲ್ಲಿ ಹೂತ ಒಂದು ಮೆಟ್ಟಿಲು, ಅಷ್ಟೇ. ಸೊಸೆ ಎಲ್ಲಿಗೆ ಹೋದಳೋ, ಯಾಕೆ ಹೋದಳೋ ಯಾರಿಗೂ ತಿಳಿಯಲಿಲ್ಲ. ಹಾಲು ಉಕ್ಕದಂತೆ ಇಳಿಸಿಟ್ಟು, ಬಾಗಿಲು ತೆಗೆದು ಹೋಗಿದ್ದಳು. ಮನೆಯವರು ಬಾಗಿಲು ಮುಚ್ಚಿ ಗಾರೆ ಬಳಿದಿದ್ದರು.

"ಸೊಸೆ ಬಿಟ್ಟುಹೋದಳು ಅನ್ನೋಕೆ ನಾಚಿಕೆ," ಎಂದ ಆಮೇಲಪ್ಪ ಮೆಲ್ಲಗೆ. "ಮನೆ ನುಂಗಿತು ಅನ್ನೋಕೆ ನಾಚಿಕೆ ಇಲ್ಲ ನೋಡು." ಆ ಮಾನ ಕಾಯಲು ಹೆಣೆದ ಸುಳ್ಳು ಮೂರು ತಲೆಮಾರು ಆ ಮನೆಗೆ ಹತ್ತಿರದ ಊರುಗಳ ಒಂದು ಹೆಣ್ಣನ್ನೂ ಸೊಸೆಯಾಗಿ ಬರಗೊಡಲಿಲ್ಲ.

ಸುದ್ದಿ ಕೇಳಿ ಹುಡುಗಿ ಅಪ್ಪನ ಜೊತೆ ಬಂದಳು. ಅಪ್ಪ ಹೆಸರಿನ ವಿಷಯಕ್ಕೇ ಜೋತುಬಿದ್ದಿದ್ದ. ಅವಳು ನೇರ ಹಿಂದಿನ ಕೋಣೆಗೆ ಹೋಗಿ, ಆಗಿನ್ನೂ ಬರಿ ಕಂಡಿಯಾಗಿದ್ದ ಜಾಗದಲ್ಲಿ ನಿಂತು ಓಣಿಯನ್ನು ಅತ್ತಿತ್ತ ನೋಡಿದಳು.

"ಇಲ್ಲಿ ಬಾಗಿಲು ಇಡ್ತೀರಾ ಅತ್ತೆ, ಇಲ್ಲಾ ಮತ್ತೆ ಮುಚ್ತೀರಾ?"

"ಇಡಿಸ್ತೀನಮ್ಮ."

"ಒಳಗಿಂದ ತೆಗೆಯೋ ಹಾಗಿದ್ರೆ ಬರ್ತೀನಿ. ಹೆಸರು ಹಾಗೇ ಇರ್ಲಿ ಬಿಡಿ, ಇದಕ್ಕಿಂತ ಕೆಟ್ಟ ಹೆಸರಿನ ವಾರ್ಡಲ್ಲಿ ಕೆಲಸ ಮಾಡ್ತೀನಿ ನಾನು."

ಅಪ್ಪ ಗೊಣಗುತ್ತಾ ಒಪ್ಪಿದ. ಬಡಗಿಗೆ ಬಾಗಿಲು ಮಾಡಲು ಹೇಳಲಾಯಿತು. ತಾನು ತೀರಿಕೊಂಡ ದಿನ ಬೆಳಿಗ್ಗೆ ಆಮೇಲಪ್ಪ ಆ ಮನೆಯ ಮುಂಬಾಗಿಲ ಮೇಲೆ ಹಳೆಯ ಹೆಸರನ್ನೇ ಬರೆದ. ಏಣಿ ಹಿಡಿದು ನಿಂತವಳು ಯಜಮಾನಿ.

ಇಂಥವರು ಊರಿಗೊಬ್ಬರು ಇರುತ್ತಾರೆ. ಹಳೆಯದನ್ನು ಪೂಜಿಸುವವರೂ ಅಲ್ಲ, ಕೆಡವುವವರೂ ಅಲ್ಲ. ಹಿರಿಯರು ಹೇಳಿದ ಕಥೆಯನ್ನು ಪ್ರೀತಿಯಿಂದ ಪೂರ್ತಿ ಕೇಳಿ, ಅದರ ಗೋಡೆಯನ್ನು ಒಮ್ಮೆ ತಟ್ಟಿ ನೋಡುತ್ತಾರೆ. ಅವರು ಇರುವಷ್ಟು ದಿನ ಅದು ನಮಗೆ ಕೆಲಸವಿಲ್ಲದವರ ಚಪಲದಂತೆ ಕಾಣುತ್ತದೆ. ಹೋದ ಮೇಲೆ, ಇನ್ನು ಯಾರು ಕೇಳುತ್ತಾರೆ ಎಂದು ಊರು ಸ್ವಲ್ಪ ಸಣ್ಣದಾಗುತ್ತದೆ. ನನ್ನ ಮಟ್ಟಿಗೆ ಬಹಳವೇ ಸಣ್ಣದಾಗಿದೆ.

ಆ ಬೆಳಿಗ್ಗೆ ಹೆಸರು ಬರೆದು ಮುಗಿಸಿ ಅವನು ಹಿಂಬಾಗಿಲು ನೋಡಲು ಓಣಿಗೆ ಬಂದ. ಮುದುಕಿಯ ಅಪ್ಪಣೆಯಂತೆ ಬಡಗಿ ಚಿಲಕವನ್ನು ಹೊರಗಡೆ ಜಡಿದು ಬೀಗ ಹಾಕಿ, ಕೀಲಿಯನ್ನು ಅವಳ ದಿಂಬಿನಡಿ ಇಟ್ಟಿದ್ದ. ಆಮೇಲಪ್ಪ ಯಾರನ್ನೂ ಏನೂ ಕೇಳಲಿಲ್ಲ. ಮುಂಬಾಗಿಲಿಂದ ಒಳಗೆ ಹೋಗಿ, ಮುದುಕಿಯ ದಿಂಬು ಎತ್ತಿ, ಅವಳು ಬೈಯುತ್ತಿರುವಂತೆಯೇ ಕೀಲಿ ತಂದ. ಬೀಗ ತೆಗೆದ. ಸ್ಕ್ರೂಡ್ರೈವರಿನಿಂದ ಒಂದೊಂದೇ ಸ್ಕ್ರೂ ಬಿಚ್ಚಿ ಚಿಲಕವನ್ನು ಒಳಗಡೆಗೆ ಕೂರಿಸಿದ. ಒಳಗೆ ನಿಂತು ಬಾಗಿಲು ಹಾಕಿದ, ಚಿಲಕ ಸರಿಸಿದ, ತೆಗೆದ. ಹಾಗೇ ಆ ಬಾಗಿಲಿನಿಂದಲೇ ಓಣಿಗಿಳಿದು ಮನೆಗೆ ಹೋದ.