ಸೊಂಟಪಟ್ಟಿಯ ಇನ್ನೊಂದು ತುದಿ

ಆಗ ನಮ್ಮ ತಂಡದ ತಾಲೀಮು ನಡೆಯುತ್ತಿದ್ದದ್ದು ರೈಲು ನಿಲ್ದಾಣದ ಹಿಂದಿನ ಹಳೇ ದ್ರಾಕ್ಷಾರಸದ ಉಗ್ರಾಣದಲ್ಲಿ. ಪೀಪಾಯಿಗಳನ್ನು ಸಾಗಿಸಿ ಎಷ್ಟೋ ವರ್ಷವಾಗಿದ್ದರೂ ಗೋಡೆಗಳು ಆ ಹುಳಿ ವಾಸನೆಯನ್ನು ಬಿಟ್ಟಿರಲಿಲ್ಲ. ಅದರ ಜೊತೆಗೆ ನೂರಾರು ಜನರ ಬೆವರು, ಮೂಲೆಯ ಕಾವಲಿಯ ಮೇಲೆ ಯಾರೋ ಮರೆತು ಕರಕಲಾಗಿಸಿದ ಸಾಸೇಜು. ಮಂಗಳವಾರ ಮತ್ತು ಶುಕ್ರವಾರ ಬಾಟಲಿ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಮಗಳು ಮಿರೆಯಾಳನ್ನು ಶಾಲೆಯಿಂದ ಕರೆದುಕೊಂಡು, ದಾರಿಯಲ್ಲೇ ಅವಳ ಬಾಯಿಗೊಂದು ಬಾಳೆಹಣ್ಣು ತುರುಕಿ ಅಲ್ಲಿಗೆ ಧಾವಿಸುತ್ತಿದ್ದೆ. ಅವಳ ತಾಯಿಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ. ಮನೆಗೆ ಹೋಗಿ ಕಾಲು ಚಾಚೋಣ ಎಂದು ಮೈಯೆಲ್ಲ ಬೇಡಿಕೊಳ್ಳುತ್ತಿತ್ತು. ಆದರೆ ಉಗ್ರಾಣದ ಬಾಗಿಲು ದಾಟಿದ ಮೇಲೆ ಅದೇ ಮೈ ಸುಮ್ಮನಾಗುತ್ತಿತ್ತು. ಈಗ ಆ ಜಾಗದಲ್ಲಿ ಟೈರ್ ಅಂಗಡಿಯಿದೆ. ಅದರ ಮುಂದೆ ಹಾದುಹೋಗುವಾಗ ನನ್ನ ಮೂಗು ಇನ್ನೂ ಆ ವಾಸನೆಯನ್ನು ಹುಡುಕುತ್ತದೆ.

ನಾವು ಕಟ್ಟುತ್ತಿದ್ದದ್ದು ಮನುಷ್ಯರ ಕೋಟೆ. ಬುಡದಲ್ಲಿ ಊರಿಗೆ ಊರೇ ಒಬ್ಬರಿಗೊಬ್ಬರು ಒತ್ತಿಕೊಂಡು ನಿಲ್ಲಬೇಕು. ಆ ಗುಂಪಿನ ನಟ್ಟನಡುವೆ ನಾಲ್ವರು, ಅವರ ಹೆಗಲ ಮೇಲೆ ನಾಲ್ವರು, ಅವರ ಹೆಗಲ ಮೇಲೆ ಮತ್ತೆ ನಾಲ್ವರು, ಹೀಗೆ ಏಳು ಅಂತಸ್ತು. ತುತ್ತತುದಿಗೆ ಹತ್ತುವುದು ಒಂದು ಪುಟ್ಟ ಮಗು. ಅದು ಮೇಲೆ ಹೋಗಿ ಒಂದು ಕೈ ಎತ್ತಿತೋ, ಕೋಟೆ ಆಯಿತು. ಆ ವರ್ಷ ಅಷ್ಟು ಹಗುರಾಗಿದ್ದ, ಅಷ್ಟು ಧೈರ್ಯವಿದ್ದ ಮಗು ತಂಡದಲ್ಲಿ ಒಂದೇ: ನನ್ನ ಮಿರೆಯಾ.

ಬುಡದ ಯಜಮಾನಿಕೆ ಸಾದುರ್ನಿಯದು. ಊರಾಚೆ ಅವನದೊಂದು ಗ್ಯಾರೇಜಿತ್ತು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಸಕ್ಕರೆ ಕಾಯಿಲೆ ಇದ್ದರೂ ಜೇಬಿನಲ್ಲಿ ಬಾದಾಮಿ ಮಿಠಾಯಿ ಇಟ್ಟುಕೊಂಡು, ಹೆಂಡತಿ ಬಂದಾಗ ಅದನ್ನು ಪಕ್ಕದಲ್ಲಿದ್ದವರ ಕೈಗೆ ದಾಟಿಸುತ್ತಿದ್ದ. ಆ ಚಳಿಗಾಲ ಅವನೇ ಯೆರಾಯ್‌ನನ್ನು ಕರೆತಂದ.

ಯೆರಾಯ್‌ಗೆ ಹದಿನೇಳು. ಸ್ಕೂಟರ್ ಕದ್ದಿದ್ದ, ಮೇಷ್ಟರ ಮೇಲೆ ಕುರ್ಚಿ ಎಸೆದಿದ್ದ. ಆದರೆ ಊರಿನಲ್ಲಿ ಅವನ ತಪ್ಪುಗಳಿಗಿಂತ ಹೆಸರಾಗಿದ್ದದ್ದು ಅವನ ಓಟ. ಯಾರಾದರೂ ದನಿ ಏರಿಸಿದರೆ ಸಾಕು, ಬಾಗಿಲೋ ಕಿಟಕಿಯೋ, ಸಿಕ್ಕಿದ ಕಡೆಯಿಂದ ಹೊರಗೆ. ಅಪ್ಪನ ಮನೆಯಿಂದ ಓಡಿ ಅಜ್ಜಿಯ ಮನೆ ಸೇರಿದ್ದ. ಕೆಲಸಕ್ಕಿಟ್ಟ ಎರಡು ಕಡೆಯಿಂದಲೂ ಓಡಿದ್ದ. ಬಾಲ ನ್ಯಾಯಾಲಯದ ನ್ಯಾಯಾಧೀಶೆ ಕೊನೆಯದಾಗಿ ಒಂದು ಅವಕಾಶ ಕೊಟ್ಟಿದ್ದರು: ಒಂದು ವರ್ಷ ಸಾದುರ್ನಿಯ ಕೈಕೆಳಗೆ ಇರಬೇಕು, ತಾಲೀಮು ತಪ್ಪಿಸಬಾರದು. ಓಡಿದರೆ ಹುಡುಗರನ್ನು ಕೂಡಿಹಾಕಿ ಬೀಗ ಹಾಕುವ ಕೇಂದ್ರ.

ತಾಲೀಮಿನ ದಿನ ಸಾದುರ್ನಿ ವ್ಯಾನು ತೆಗೆದುಕೊಂಡು ಹೋಗಿ ಅಜ್ಜಿಯ ಮನೆಯ ಕೆಳಗೆ ನಿಲ್ಲಿಸಿ ಹಾರನ್ ಒತ್ತುತ್ತಿದ್ದ. ಇಡೀ ಬೀದಿ ಬೈಯುವವರೆಗೂ ಒತ್ತುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ.

"ಯಜಮಾನ್ರೇ, ನನಗೆ ಜ್ವರ," ಎಂದ ಹುಡುಗ ಮೇಲಿನ ಕಿಟಕಿಯಿಂದ.

"ಒಳ್ಳೇದಾಯ್ತು. ಉಗ್ರಾಣ ತಣ್ಣಗಿದೆ. ಎಲ್ಲರೂ ನಿನ್ನ ಸುತ್ತ ನಿಂತು ಚಳಿ ಕಾಯಿಸ್ಕೋತೀವಿ. ಇಳಿ."

"ಅಂಟುರೋಗ ಆಗಿದ್ರೆ?"

"ಅಂಟಲಿ ಬಿಡೋ. ಈ ಎಲಾಡಿಗೆ ಕಾರ್ಖಾನೇಲಿ ರಜೆ ಸಿಕ್ಕಿ ಎಷ್ಟು ದಿನ ಆಯ್ತೋ, ಪಾಪ. ನಿನ್ನಿಂದ ಒಂದು ಉಪಕಾರ ಆಗ್ಲಿ."

ಹುಡುಗ ನಗಲಿಲ್ಲ. ಆದರೆ ಇಳಿದು ಬಂದ. ದಾರಿಯುದ್ದಕ್ಕೂ ಸಾದುರ್ನಿ ಕಾರ್ಬುರೇಟರ್ ಬಗ್ಗೆ ಮಾತಾಡಿದನೇ ಹೊರತು ಸ್ಕೂಟರ್, ಕುರ್ಚಿ, ನ್ಯಾಯಾಲಯ, ಯಾವುದರ ಸುದ್ದಿಯನ್ನೂ ಎತ್ತಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಅದು ನಡೆಯಿತು. ಬುಡ ಕಟ್ಟಿಯಾಗಿತ್ತು, ಮೂರನೆಯ ಅಂತಸ್ತಿನವರು ಹತ್ತುತ್ತಿದ್ದರು. ಯಾರೋ ಕೈ ಸಡಿಲ ಬಿಟ್ಟರೆಂದು ಸಾದುರ್ನಿ ಗುಡುಗಿದ. ಬೈದದ್ದು ಯೆರಾಯ್‌ನನ್ನಲ್ಲ. ಆದರೂ ನಮ್ಮೆಲ್ಲರ ತೋಳುಗಳ ಕೆಳಗಿನಿಂದ ಮೀನಿನಂತೆ ನುಸುಳಿ ಹುಡುಗ ಬಾಗಿಲಾಚೆ ಹೋಗಿಬಿಟ್ಟ. ಅವನು ಬಿಟ್ಟ ಸಂದಿಯಿಂದ ಬುಡ ವಾಲಿತು, ಮೇಲಿನವರು ನಮ್ಮ ತಲೆಯ ಮೇಲೆ ಬಿದ್ದರು. ಮೂರನೆಯ ಅಂತಸ್ತಿಗೆ ಹತ್ತುತ್ತಿದ್ದ ಫಿನಾಳ ಮಣಿಕಟ್ಟು ಮುರಿಯಿತು.

"ನ್ಯಾಯಾಲಯಕ್ಕೆ ಹೇಳ್ಬೇಕು ನೀನು," ಎಂದೆ.

"ಏನಂತ? ತಾಲೀಮು ಬೇಗ ಮುಗೀತು ಅಂತಾನಾ?" ಎಂದು ಸಾದುರ್ನಿ ವ್ಯಾನಿನ ಕೀಲಿ ತೆಗೆದುಕೊಂಡು ಹೊರಟ. ಹುಡುಗ ಸಿಕ್ಕಿದ್ದು ದ್ರಾಕ್ಷಿ ತೋಟದ ಪಂಪಿನ ಮನೆಯಲ್ಲಂತೆ. ಸಾದುರ್ನಿ ಹೊರಗೆ ಕಲ್ಲಿನ ಮೇಲೆ ಕೂತು ತನ್ನ ಮಿಠಾಯಿಯನ್ನು ಒಂದೊಂದಾಗಿ ತಿನ್ನುತ್ತಿದ್ದನಂತೆ. ಕೊನೆಯದನ್ನು ಬಾಗಿಲ ಸಂದಿಯಲ್ಲಿ ತೂರಿಸಿದಾಗ ಒಳಗಿನಿಂದ ಕೈ ಬಂತಂತೆ.

ಮುಂದಿನ ವಾರ ಸಾದುರ್ನಿ ನನ್ನನ್ನು ಪಕ್ಕಕ್ಕೆ ಕರೆದ.

"ಎಲಾಡಿ, ಆ ಹುಡುಗನ್ನ ಎರಡನೇ ಅಂತಸ್ತಿಗೆ ಹತ್ತಿಸೋಣ ಅಂತಿದೀನಿ."

"ಬುಡದಲ್ಲೇ ನಿಲ್ಲದವನನ್ನ ಮೇಲೆ ಹತ್ತಿಸ್ತೀಯಾ? ತಲೆ ನೆಟ್ಟಗಿದ್ಯಾ?"

"ಬುಡದಲ್ಲಿ ಅವನಿಗೆ ಬಾಗಿಲು ಕಾಣುತ್ತೆ ಕಣೋ. ಹೆಗಲ ಮೇಲೆ ಒಬ್ಬರು ನಿಂತ್ಮೇಲೆ ಎಲ್ಲಿಗೆ ಓಡ್ತಾನೆ?"

"ಓಡಿದ್ರೆ? ಮೇಲಿರೋದು ನನ್ನ ಮಗಳು."

"ಅದಕ್ಕೇ ಕೇಳ್ತಿರೋದು."

ಹೆತ್ತವರ ಒಪ್ಪಿಗೆ ಇಲ್ಲದೆ ಮಗು ಹತ್ತುವಂತಿಲ್ಲ. ಅದು ತಂಡದ ನಿಯಮ. ನಾನು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

"ಅವನಿದ್ರೆ ಅವಳಿಲ್ಲ," ಎಂದೆ. "ಯಾರದೋ ಮಗನ್ನ ದಾರಿಗೆ ತರೋಕೆ ನನ್ನ ಮಗಳನ್ನ ಪಣಕ್ಕಿಡಲ್ಲ ನಾನು."

ಸಾದುರ್ನಿ ಹೊಟ್ಟೆ ಕೆರೆದುಕೊಂಡು ನಿಂತ. "ಸರಿಯಾದ ಮಾತೇ. ಆದ್ರೆ ಎಲ್ಲರೂ ಅವನಿಗೆ ಬಾಗಿಲ ಹತ್ರಾನೇ ಜಾಗ ಕೊಡ್ತಾರೆ ನೋಡು. ಈ ಸಲ ಹೋದ್ರೆ ಆ ಬೀಗದ ಮನೆಗೇ ಹೋಗೋದು ಅವನು." ಆಮೇಲೆ, ಏನೋ ನೆನಪಾದವನಂತೆ, "ಹತ್ತಿಸೋದು ಬಿಡು. ಇವತ್ತು ಪಟ್ಟಿ ಸುತ್ತೋಕೆ ಕೈ ಕಮ್ಮಿ ಇದೆ. ಅವನಿಗೆ ಸುತ್ತಿಬಿಡು," ಎಂದ.

ನಾವೆಲ್ಲ ಸೊಂಟಕ್ಕೆ ಸುತ್ತಿಕೊಳ್ಳುವ ಕಪ್ಪು ಬಟ್ಟೆಯ ಪಟ್ಟಿ ಅದು. ಬೆನ್ನನ್ನು ಕಾಯುತ್ತದೆ. ಮೇಲೆ ಹತ್ತುವ ಮಕ್ಕಳು ಕಾಲೂರುವ ಮೆಟ್ಟಿಲೂ ಅದೇ. ಒಬ್ಬರೇ ಬಿಗಿಯಾಗಿ ಸುತ್ತಿಕೊಳ್ಳಲಾಗದು. ಒಂದು ತುದಿಯನ್ನು ಇನ್ನೊಬ್ಬರು ಎಳೆದು ಹಿಡಿಯಬೇಕು, ಕಟ್ಟಿಕೊಳ್ಳುವವರು ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ತಿರುಗುತ್ತ ತಿರುಗುತ್ತ ಅವರ ಹತ್ತಿರಕ್ಕೆ ಬರಬೇಕು. ಯೆರಾಯ್ ಅಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ. ತುದಿಯನ್ನು ಕಿಟಕಿಯ ಸರಳಿಗೆ ಗಂಟು ಹಾಕಿ ತಾನೇ ಸುತ್ತಿಕೊಳ್ಳುತ್ತಿದ್ದ. ಅರ್ಧ ತಾಲೀಮಿಗೇ ಅದು ಜಾರಿ ಮೊಣಕಾಲಿಗೆ ಬರುತ್ತಿತ್ತು.

ನಾನು ಹೋಗಿ ಸರಳಿನಿಂದ ಗಂಟು ಬಿಚ್ಚಿದೆ.

"ನಾನೇ ಮಾಡ್ಕೋತೀನಿ," ಎಂದ.

"ನೀನು ಮಾಡ್ಕೊಂಡಿದ್ದು ನೋಡಿದೀನಿ. ತಿರುಗು."

ತಿರುಗಿದ. ಪಟ್ಟಿ ಜೋತುಬಿತ್ತು. ಅವನು ಭಾರ ಬಿಡುತ್ತಲೇ ಇರಲಿಲ್ಲ.

"ಹಿಂದಕ್ಕೆ ವಾಲು. ಎಳೀಬೇಕು ನೀನು."

"ನೀವು ಕೈ ಬಿಟ್ರೆ?"

"ಕಿಟಕಿ ಸರಳು ಬಿಟ್ಟಿತ್ತಾ?"

"ಸರಳಿಗೆ ನನ್ನ ಕಂಡ್ರೆ ಸಿಟ್ಟಿರ್ಲಿಲ್ಲ."

ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಕಾಲು ಅಗಲಿಸಿ ಊರಿ ನಿಂತೆ. ಅವನು ನನ್ನ ಮುಖವನ್ನೇ ನೋಡುತ್ತ, ಹೇಳದೆ ಕೇಳದೆ, ಒಮ್ಮೆಲೇ ಪೂರ್ತಿ ಹಿಂದಕ್ಕೆ ಬಿದ್ದ. ಪರೀಕ್ಷೆ ಅದು. ಬಾಟಲಿ ಎತ್ತಿ ಎತ್ತಿ ಸವೆದ ನನ್ನ ಭುಜ ಕಳಚಿ ಬಂದಂತಾಯಿತು. ಬಿಡಲಿಲ್ಲ. ಅವನು ನೆಲಕ್ಕೆ ಓರೆಯಾಗಿ, ನನ್ನ ಕೈಯ ಬಲದ ಮೇಲೆ ಹಾಗೇ ಒಂದು ಗಳಿಗೆ ನಿಂತಿದ್ದ. ಆಮೇಲೆ ತಿರುಗತೊಡಗಿದ. ಒಂದೊಂದು ಸುತ್ತಿಗೂ ಹತ್ತಿರ ಬಂದ. ಕೊನೆಯ ಸುತ್ತಿಗೆ ನನ್ನ ಎದೆಯ ಮುಂದೆ ಬಂದು ನಿಂತಾಗ ಅವನ ಮೈಯಿಂದ ಎಂಜಿನ್ ಎಣ್ಣೆಯ ವಾಸನೆ ಬರುತ್ತಿತ್ತು. ಉಸಿರು ಏದುಸಿರು. ಗಡ್ಡ ಇನ್ನೂ ಸರಿಯಾಗಿ ಮೂಡಿರಲಿಲ್ಲ.

"ನಿಮ್ಮ ಮಗಳು ಕಾಲಿಡೋದೆಲ್ಲಿ?" ಎಂದು ಕೇಳಿದ.

ಅವನ ಬೆನ್ನ ಹಿಂದೆ ಪಟ್ಟಿಯ ಅಂಚು ಮುಟ್ಟಿ ತೋರಿಸಿದೆ. "ಇಲ್ಲಿ. ಬರಿಗಾಲು. ಹೆಬ್ಬೆರಳು ಮಾತ್ರ ಊರುತ್ತೆ."

ಅವನು ಕೈ ಹಿಂದೆ ಹಾಕಿ ಆ ಜಾಗದಲ್ಲಿ ಬೆರಳು ತೂರಿಸಿ ನೋಡಿದ. ಮುಖ ಸಣ್ಣದಾಯಿತು.

"ಸಡಿಲ ಇದೆ," ಎಂದ. "ಬಿಚ್ಚಿ. ಇನ್ನೊಂದ್ಸಲ ಸುತ್ತೋಣ."

ನಾವು ಆ ಸಂಜೆ ಮೂರು ಸಲ ಸುತ್ತಿದೆವು. ಮನೆಗೆ ಹೊರಡುವ ಮುಂಚೆ ಸಾದುರ್ನಿಗೆ ಹೇಳಿದೆ, "ಹತ್ತಿಸು. ಆದ್ರೆ ಅವನ ಹಿಂದೆ ನಾನು ನಿಲ್ತೀನಿ. ಮತ್ತೆ ನೀನು ಕಿರುಚಬಾರದು."

"ಕಿರುಚದೆ ಕೋಟೆ ಕಟ್ಟೋದು ಹೇಗೋ?"

"ಅದು ನಿನ್ನ ಕಷ್ಟ."

ಅವನು ನಿಜವಾಗಿಯೂ ಕಷ್ಟಪಟ್ಟ. ಆ ಬೇಸಿಗೆಯ ತಾಲೀಮುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಿಟ್ಟು ಬಂದಾಗಲೆಲ್ಲ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿ, ಬಾಯಿಗೆ ಮಿಠಾಯಿ ತುಂಬಿಕೊಂಡು, "ದಯವಿಟ್ಟು, ಸ್ವಲ್ಪ, ಎಡಕ್ಕೆ," ಎಂದು ಪಾದ್ರಿಯ ದನಿಯಲ್ಲಿ ಹೇಳುತ್ತಿದ್ದ. ತಂಡದವರು ಅವನನ್ನು ಬಿಷಪ್ಪರೇ ಎಂದು ಕರೆಯತೊಡಗಿದರು. ಯೆರಾಯ್ ಮೊದಲ ಸಲ ನಕ್ಕದ್ದು ಆಗಲೇ.

ಸೆಪ್ಟೆಂಬರಿನಲ್ಲಿ ಊರ ಹಬ್ಬ. ನಗರಸಭೆಯ ಮುಂದಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುಡದಲ್ಲಿ ನಿಂತವರಿಗೆ ಕೋಟೆ ಕಾಣುವುದಿಲ್ಲ. ತಲೆ ತಗ್ಗಿಸಿ, ಮುಂದಿನವನ ಅಂಗಿಗೆ ಕೆನ್ನೆ ಒತ್ತಿ ನಿಲ್ಲಬೇಕು. ಮೇಲೆ ಏನಾಗುತ್ತಿದೆ ಎಂದು ನಮಗೆ ತಿಳಿಸುವುದು ಓಲಗ. ಮೂರನೆಯ ಅಂತಸ್ತು ನಿಂತಾಗ ಶುರುವಾಗುತ್ತದೆ, ತುದಿಯ ಮಗು ಕೈ ಎತ್ತಿದಾಗ ರಾಗ ಬದಲಾಗುತ್ತದೆ. ಆ ಬದಲಾವಣೆಗಾಗಿ ಕಿವಿಯೊಂದೇ ಕಾಯುತ್ತಿರುತ್ತದೆ.

ನನ್ನ ಎರಡೂ ಕೈಗಳು ಮೇಲೆ, ಯೆರಾಯ್‌ನ ತೊಡೆಗಳಿಗೆ ಒತ್ತಿದ್ದವು. ಓಲಗ ಶುರುವಾಯಿತು. ನನ್ನ ಹೆಗಲ ಮೇಲೆ ಪುಟ್ಟ ಪಾದ ಬಿತ್ತು, ಹೋಯಿತು. ಮಿರೆಯಾ. ಅವಳ ಪಾದ ನನಗೆ ಗೊತ್ತು. ಆಮೇಲೆ ಅವಳು ಅವನ ಪಟ್ಟಿಯ ಮೇಲೆ ಕಾಲೂರಿ ಹತ್ತಿದ್ದು ಅವನ ತೊಡೆಯ ಬಿಗಿತದಲ್ಲೇ ತಿಳಿಯಿತು. ಅವಳು ನನ್ನ ಕೈಗೆ ಎಟುಕದಷ್ಟು ಮೇಲಕ್ಕೆ ಹೋದಳು.

ಆಗ ಅವನ ಮೇಲೆ ನಿಂತಿದ್ದವನ ಕಾಲು ಜಾರಿತು. ಇಡೀ ಕೋಟೆ ಒಮ್ಮೆ ತಿರುಚಿತು. ಜನರ ಗುಂಪಿನಿಂದ ಅಯ್ಯೋ ಎಂಬ ದನಿ ಎದ್ದಿತು. ಯೆರಾಯ್‌ನ ಮಂಡಿಯ ಹಿಂದಿನ ನರಗಳು ಹಗ್ಗದಂತೆ ಎದ್ದು ನಿಂತವು. ಓಡುವವನ ಕಾಲು ಹೇಗಿರುತ್ತದೆಂದು ನನ್ನ ಅಂಗೈಗೆ ಆವತ್ತು ಗೊತ್ತಾಯಿತು. ಒಂದೇ ಒಂದು ಕಿರುಚು ಸಾಕಿತ್ತು.

ನನ್ನ ಪಕ್ಕದಿಂದ ಸಾದುರ್ನಿಯ ದನಿ ಬಂತು. ಅಂಗಡಿಯಲ್ಲಿ ತರಕಾರಿ ಕೇಳುವವನ ದನಿ.

"ಯೆರಾಯ್, ಮಧ್ಯಾಹ್ನ ಊಟಕ್ಕೆ ಬಸವನಹುಳು ಮಾಡ್ಸಿದೀನಿ."

ತೊಡೆಗಳು ಗಡಗಡ ನಡುಗುತ್ತಿದ್ದವು.

"ಕೇಳ್ತಾ? ಬಸವನಹುಳು. ಬೆಳ್ಳುಳ್ಳಿ ಹಾಕಿ."

"ನಾನು... ಹುಳ ತಿನ್ನಲ್ಲ," ಎಂದ ಹುಡುಗ ಹಲ್ಲು ಕಚ್ಚಿಕೊಂಡು.

"ಯಾಕೆ?"

"ಥೂ. ಲೋಳೆ."

"ಮತ್ತೇನು ತಿಂತೀಯ?"

"ಕೋಳಿ."

"ಕೋಳೀನೇ ಮಾಡ್ಸೋಣ. ಹುರಿದಿದ್ದಾ, ಸಾರಿನದಾ?"

ಅವನು ಏನು ಹೇಳಿದನೋ ಕೇಳಿಸಲಿಲ್ಲ. ರಾಗ ಬದಲಾಗಿತ್ತು. ನನ್ನ ಮಗಳು ಅಷ್ಟೆತ್ತರದಲ್ಲಿ, ನನಗೆ ಕಾಣದ ಆಕಾಶದಲ್ಲಿ, ಕೈ ಎತ್ತಿದ್ದಳು. ಚೌಕವೆಲ್ಲ ಕೂಗುತ್ತಿತ್ತು. ನಾನು ಯಾರದೋ ಒದ್ದೆ ಅಂಗಿಯಲ್ಲಿ ಮುಖವಿಟ್ಟು ಅಂತಸ್ತುಗಳು ಇಳಿಯುವುದನ್ನೇ ಎಣಿಸುತ್ತಿದ್ದೆ. ಹುಡುಗನ ಕಾಲು ನಡುಗುತ್ತಲೇ ಇತ್ತು, ಆದರೆ ಇದ್ದ ಜಾಗದಿಂದ ಅಲುಗಲಿಲ್ಲ.

ಕೆಳಗೆ ಬಂದ ಮೇಲೆ ಮಿರೆಯಾ ಶಿರಸ್ತ್ರಾಣ ಬಿಚ್ಚುತ್ತ ಅವನನ್ನು ಗದರಿದಳು. "ನೀನು ತುಂಬಾ ನಡುಗ್ತೀಯಪ್ಪ. ನನಗೆ ಬಸ್ಸಲ್ಲಿ ಹೋದ ಹಾಗಾಯ್ತು."

"ನೀನು ಟಿಕೆಟ್ ತಗೊಂಡಿದ್ಯಾ?" ಎಂದ ಅವನು. ಆಮೇಲೆ ಇಗರ್ಜಿಯ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಂದ.

ಮಿರೆಯಾ ಈಗ ನನಗಿಂತ ಎತ್ತರ. ಬಾರ್ಸಿಲೋನಾದಲ್ಲಿ ಓದು. ಫೋನು ಮಾಡಿದರೆ ಬಿಡುವಿಲ್ಲ ಎನ್ನುತ್ತಾಳೆ, ನಿಜವೇ ಇರಬೇಕು. ಸಾದುರ್ನಿ ತೀರಿಹೋಗಿ ಕೆಲವು ಚಳಿಗಾಲಗಳಾದವು. ಯೆರಾಯ್ ತಾರಗೋನಾ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಆ ಹಬ್ಬದ ಮೇಲೆ ಅವನು ಮತ್ತೆ ಓಡಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನ್ಯಾಯಾಲಯದ ವರ್ಷ ಮುಗಿದು ಸ್ವಲ್ಪ ದಿನಕ್ಕೆ, ಒಂದು ಶುಕ್ರವಾರ ಅವನು ಬರಲಿಲ್ಲ. ಅಜ್ಜಿಯ ಮನೆಯಲ್ಲಿ ಚೀಲವೂ ಇರಲಿಲ್ಲ. ತಂಡದಲ್ಲಿ ಗುಸುಗುಸು ಶುರುವಾಯಿತು. ಗೊತ್ತಿತ್ತು ಬಿಡು, ಎಂದರು. ನಾನೂ ಹಾಗೇ ಅಂದುಕೊಂಡೆ.

ಅಷ್ಟರಲ್ಲಿ ಸಾದುರ್ನಿಯ ಫೋನು ಹೊಡೆದುಕೊಂಡಿತು. ಅವನು ಒಂದು ಕಿವಿ ಮುಚ್ಚಿಕೊಂಡು, "ಹ್ಞೂಂ, ಹ್ಞೂಂ, ಆಲ್ಮೇರಿಯಾಗಾ, ಅಪ್ಪನ ಹತ್ರಾನಾ? ಈಗ ಹೇಗಿದಾರೆ? ಹ್ಞೂಂ, ಸರಿ," ಎಂದು ಇಟ್ಟ. ನಾವೆಲ್ಲ ಅವನನ್ನೇ ನೋಡುತ್ತಿದ್ದೆವು.

"ಎರಡು ವಾರ ಬರಲ್ವಂತೆ," ಎಂದ. "ತನ್ನ ಜಾಗಕ್ಕೆ ಬುಡದಲ್ಲಿರೋ ಬೆರ್ನಾತ್‌ನ ನಿಲ್ಸಿ ಅಂದ. ಎಡಗಾಲು ಸ್ವಲ್ಪ ಒಳಗೆ ಇಡ್ಬೇಕು ಅಂತ ಅವನಿಗೆ ಹೇಳ್ಬೇಕಂತೆ."

"ಅಂದ್ರೆ ಓಡಿಹೋದ," ಎಂದಳು ಫಿನಾ.

ಸಾದುರ್ನಿ ಫೋನನ್ನು ಜೇಬಿಗಿಟ್ಟು ಮೂಗೊರೆಸಿಕೊಂಡ.

"ಓಡಿಹೋಗೋರು ಫೋನ್ ಮಾಡ್ತಾರೇನೇ?" ಎಂದ. "ರಜೆ ಹಾಕಿದಾನೆ. ಬೆರ್ನಾತ್, ಬಾರೋ ಇಲ್ಲಿ, ಎಡಗಾಲು."